ಇಲ್ಲದ ತಟ್ಟೆ

ಕೊನೆಯ ಲೋಕಲ್ ಹೋದ ಮೇಲೆ ಗ್ರಾಂಟ್ ರೋಡಿನಲ್ಲಿ
ಹಳಿಗೂ ಒಂದಿಷ್ಟು ನಿದ್ದೆ.
ಲ್ಯಾಮಿಂಗ್ಟನ್ ರಸ್ತೆ, ಎರಡನೆ ಮಾಳಿಗೆ, ನನ್ನ ಗೂಡು:
ರಿಪೇರಿಗೆ ಬಂದು ಒಯ್ಯುವವರಿಲ್ಲದ ಸಾಮಾನು,
ಬೆಸುಗೆಯ ಹೊಗೆ, ಅರ್ಧ ವಡಾಪಾವ್,
ನಡುವೆ ಈ ಮುದಿ ಎಕ್ಸ್‌ಟಿ
ಆನೆಯಷ್ಟು ಭಾರ, ಗುಬ್ಬಿಯಷ್ಟು ನೆನಪು.

ಫೋರ್ಟಿನ ರಾತ್ರಿಶಾಲೆಯದ್ದು.
ಗುಜರಿಯಿಂದ ಕಿಲೋ ಲೆಕ್ಕದಲ್ಲಿ ತಂದೆ.
ಒಳಗೆ ಜಿರಳೆ ಮೊಟ್ಟೆ, ಒಂದು ಹತ್ತು ಪೈಸೆ.
ಫ್ಲಾಪಿ ತಟ್ಟೆಗಳೋ, ಮೂವತ್ತು ಮಳೆಗಾಲ ಕುಡಿದು
ಉಪ್ಪಿನಕಾಯಿ ಭರಣಿಯ ಹಾಗೆ ಬೂಷ್ಟು ಹಿಡಿದಿದ್ದವು.
ಬಸ್ಸಿಗೆ ಹಾಕಿ ಮಡಗಾಂವಿಗೆ ಕಳಿಸಿದೆ.
ಅಲ್ಲಿ ಎವಾರಿಸ್ತು ಕುಲಾಸೊ, ನನ್ನ ಹಾಗೇ ತಲೆಕೆಟ್ಟವ,
ಸ್ಪಿರಿಟ್ಟಿನಲ್ಲಿ ಒರೆಸಿ, ಜಾಡು ಜಾಡಿಗೂ ಹತ್ತು ಸಲ ಕಾದು
ಪಡಿಯಚ್ಚು ತೆಗೆದಿಟ್ಟ.
ಓದಿಸಿದ ಮೇಲೆ ಕಂದು ಲೇಪವೇ ಕಳಚಿ ಬಂತಂತೆ.
ಓದಿದ್ದೇ ಕೊನೆಯ ಓದು.

ಈಗ ಡ್ರೈವಿನ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ಹಲಗೆ.
ಅದರ ಕಸುಬು ಸುಳ್ಳು ಹೇಳುವುದು:
‘ನಾನೇ ಫ್ಲಾಪಿ, ಇಗೋ ತಿರುಗಿದೆ, ಇಗೋ ನಲವತ್ತು ಜಾಡು.’
ಹೇಳುತ್ತಲೇ ಬೆನ್ನ ಹಿಂದೆ ವೈಫೈಯಲ್ಲಿ
ಮಡಗಾಂವಿಗೆ ಕೂಗು.

ಯಂತ್ರ ಓದುವ ಮುನ್ನ ಅರ್ಧ ಸೆಕೆಂಡು ನಿಲ್ಲುತ್ತದೆ,
ಮೋಟರು ವೇಗಕ್ಕೆ ಬರಲಿ ಎಂದು.
ಮೋಟರಿಲ್ಲ ತಮ್ಮಾ, ತಟ್ಟೆಯೂ ಇಲ್ಲ.
ನಿಲ್ಲುತ್ತದೆ. ಕಲಿಸಿದ್ದನ್ನು ಮರೆಯುವ ಜಾತಿಯಲ್ಲ ಅದು.
ಆ ಅರ್ಧ ಸೆಕೆಂಡಿನಲ್ಲೇ ನಮ್ಮ ಸುಳ್ಳಿನ ಸಂಸಾರ;
ರತ್ನಾಗಿರಿ, ಸಾವಂತವಾಡಿ ದಾಟಿ
ಹೋಗಿ ಬರಲು ಅಷ್ಟು ಸಾಕು.

ಇವತ್ತು ಸಾಲಲಿಲ್ಲ.
‘ನಿಲ್ಲಿಸಲೇ, ಮತ್ತೆ ಯತ್ನಿಸಲೇ, ಸೋಲಲೇ?’
ಅದರ ಇಂಗ್ಲಿಷಿನಲ್ಲಿ ಅದು ಕೇಳಿತು.
ಮತ್ತೆ, ಅಂದೆ. ಮತ್ತೆ. ಮತ್ತೆ.
ಮಡಗಾಂವಿನಲ್ಲಿ ಕರೆಂಟು ಬಂದಿರಬೇಕು:
ಹಸಿರು ಹಾಜರಿಪಟ್ಟಿ, ಮೇಲಿಂದ ಕೆಳಗೆ ಇಳಿಯಿತು.

ಸುಗಂಧಿ ಟೀಚರು ಹಗಲು ಬ್ಯಾಂಕಿನ ಗುಮಾಸ್ತೆ.
ರಾತ್ರಿ ಗ್ರಾಫ್ ಹಾಳೆಯಲ್ಲಿ ಎಂಟಕ್ಕೆಂಟು ಮನೆ ಗೀರಿ
ಚೌಕಾಬಾರದ ಕಾಯಿಯಂತೆ ಚುಕ್ಕಿ ನಡೆಸಿ
ಆ ಯಂತ್ರಕ್ಕೆ ಕನ್ನಡ ಕಲಿಸಿದರು.
ಅ ಬಂತು, ಕ ಬಂತು, ಹೊಟ್ಟೆ ಸೀಳಿಸಿಕೊಂಡು ಷ ಬಂತು.
ಳ ಬರಲಿಲ್ಲ.
ಹೇಗೆ ಸುತ್ತಿದರೂ ಒಂದು ಚುಕ್ಕಿಗೆ ಜಾಗ ಕಡಿಮೆ.
‘ಪರೀಕ್ಷೆ ಮುಗೀಲಿ’ ಅಂದರು.
ಪರೀಕ್ಷೆ ಮುಗಿಯಿತು. ಶಾಲೆಗೂ ಬೀಗ ಬಿತ್ತು.

ಆ ವರ್ಷದ ಪ್ರಶ್ನೆಪತ್ರಿಕೆಯಲ್ಲಿ ಮುಂಬಯಿಗೆ
ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆ ಸುರಿಯಿತು.
ಹಾಜರಿಯಲ್ಲಿ ಹದಿನೇಳನೆ ನಂಬರು: ಬಾಲಪ್ಪ.
ಇಂಡಿ ತಾಲೂಕಿನ ಬಾಳಪ್ಪ ನಾನು,
ಹಗಲು ಮಸೀದಿ ಬಂದರಿನಲ್ಲಿ ಮೂಟೆ ಹೊತ್ತು
ರಾತ್ರಿ ಬಾಲಪ್ಪನಾಗಿ ಬೆಂಚಿಗೆ ಬಂದೆ.
‘ಎಲ್ಲೋ ನಿನ್ನ ಬಾಲ?’ ಅನ್ನದ
ಹೋಟೆಲ್ ಮಾಣಿ ಆ ತರಗತಿಯಲ್ಲಿ ಇರಲಿಲ್ಲ.

ಅಕ್ಷರಗಳ ಕಡತ ತೆರೆದು ಕೂತೆ.
ಟೀಚರು ಸಾಲಿಗೊಂದು ಕೊನೆಯ ಮನೆ ಖಾಲಿ ಬಿಟ್ಟಿದ್ದರು,
ಅಕ್ಷರಕ್ಕೆ ಅಕ್ಷರ ತಾಗದಿರಲೆಂದು.
ಚಾಳಿನಲ್ಲಿ ಬೆಳೆದವನಿಗೆ ಗೊತ್ತು,
ಖೋಲಿ ಸಾಲದಿದ್ದರೆ ಗ್ಯಾಲರಿಗೆ ಚಾಪೆ ಚಾಚುವುದು.
ಒಂದು ಚುಕ್ಕಿ ಅಲ್ಲಿಗೆ ಚಾಚಿದೆ.
ಳ.
ಪಕ್ಕದ ಮನೆಗೆ ತುಸು ಮೊಣಕೈ ತಾಗುತ್ತದೆ, ಇರಲಿ.

ಉಳಿಸಲು ಹೋದರೆ: ಬರೆಯಲು ಅಪ್ಪಣೆಯಿಲ್ಲ.
ಫೋನು ಹಚ್ಚಿದೆ. ‘ಪಾತ್ರಾಂವ್, ಗಂಟೆ ಎರಡು,’
ಎವಾರಿಸ್ತು ಕೊರಗಿದ. ಕೇಳಿಸಿಕೊಂಡ. ಎದ್ದ.
‘ಮೂಲಕ್ಕೆ ಕೈ ಹಚ್ಚಲು ಬಿಡೆನು. ಒಂದು ನಕಲು ಕೊಡುವೆ,
ಅದರ ಮೇಲೆ ಏನಾದರೂ ಬರಕೋ.
ಮೂಲದಲ್ಲಿ ನೀನು ಬಾಲಪ್ಪನೇ.’

ಆಗಲಿ ಅಂದೆ.
ಹದಿನೇಳನೆ ಸಾಲಿನ ಲ ಅಳಿಸಿ ಳ ಕೂರಿಸಿದೆ.
ಗಡಿಯಾರದ ಬ್ಯಾಟರಿಯಿಲ್ಲದ ಯಂತ್ರ
ತನಗೆ ಗೊತ್ತಿದ್ದ ತಾರೀಕು ಒತ್ತಿತು: ಒಂದು, ಒಂದು, ಎಂಬತ್ತು.
ಅಂದರೆ ಟೀಚರು ಶಾಲೆಗೆ ಬರುವ ಏಳು ವರ್ಷ ಮೊದಲೇ,
ನಾನಿನ್ನೂ ಇಂಡಿಯಲ್ಲಿ ನಿಂಬೆಗಿಡಕ್ಕೆ ನೀರು ಹಾಯಿಸುವಾಗಲೇ,
ಳ ಸಿದ್ಧವಾಗಿ ಕೂತಿತ್ತು.
ತಿದ್ದಲು ಮನಸ್ಸಾಗಲಿಲ್ಲ.

ಕೆಳಗೆ ಹಾಲಿನ ಕ್ರೇಟುಗಳ ಸದ್ದು.
ಹದಿನೇಳು ಎಂದು ಒತ್ತಿದೆ.
ಇಲ್ಲದ ತಟ್ಟೆ ವೇಗಕ್ಕೆ ಬರುವವರೆಗೆ
ಅರ್ಧ ಸೆಕೆಂಡು ಇಬ್ಬರೂ ಕಾದೆವು.