ಲೀಟರಿಗೆ ಹದಿನಾಲ್ಕು

ಈಗ ಎರಡೂ ನನ್ನ ಅಂಗಳದಾಗ ನಿಂತಾವ,
ಒಂದರ ಮಾರಿ ರೋಡಿಗೆ, ಒಂದರ ಮಾರಿ ಗ್ವಾಡಿಗೆ.
ಬೊಲೆರೊ ನಂದು. ಟಾಟಾ ಬಂದಗೀಸಾಬಂದು.
ಅಲ್ಲ, ಅದೂ ನಂದ.
ಆರ್‌ಸಿ ಮ್ಯಾಲ ಹೆಸರು ಬದಲಾಗಿ ಇಪ್ಪತ್ತು ದಿನ ಆತು,
ನಾಲಿಗಿ ಮ್ಯಾಲ ಇನ್ನೂ ಆಗಿಲ್ಲ.

ಒಂಬತ್ತು ವರ್ಷ ಟಿಕೋಟಾ ಕ್ರಾಸಿನ್ಯಾಗ
ಅರ್ಧ ಕಪ್ ಚಾಕ್ಕ ಒಂದು ಜಗಳ.
'ನಿಂದು ಬರೇ ಮೀಸಿ, ಹಿಂದ ಬಲಾ ಇಲ್ಲ' ಅಂತಿದ್ದ ಅಂವ.
'ನಿಂದು ಎಮ್ಮಿ, ಏರು ಬಂದರ ಕುಂದರತದ' ಅಂತಿದ್ದೆ ನಾನು.
ಚಾದಂಗಡಿ ಕಾಶೀರಾಯ ಇಬ್ಬರ ಕಡಿಂದನೂ ರೊಕ್ಕ ಇಸ್ಕೊಂಡು
ಯಾರ ಕಡಿಗೂ ಸಾಕ್ಷಿ ಹೇಳತಿದ್ದಿಲ್ಲ.

ಖರೇ ಹೇಳಬೇಕಂದ್ರ, ಈಗ ಹೇಳಬಹುದು,
ಟಾಟಾದ ಪಾಟಾ ಗಟ್ಟಿ.
ನೂರಾ ಹತ್ತು ಬಾಕ್ಸ್ ಮಣೂಕ ಹೇರಿದರೂ
ಹಿಂದಿನ ಗಾಲಿ ಮಡಗಾರ್ಡಿಗೆ ಹತ್ತಂಗಿಲ್ಲ.
ನಂದು ತೊಂಬತ್ತಕ್ಕ ನಡಾ ಹಿಡಕೋತದ.

ಆದರ ಖಾಲಿ ಬರೋ ಮುಂದ ನೋಡ್ರಿ,
ಜತ್ತ ದಾಟಿದ ಮ್ಯಾಲ ಆ ಕೆತ್ತಿದ ರೋಡಿನ್ಯಾಗ
ಟಾಟಾ ಕುಂತವನ ಹಲ್ಲು ಎಣಿಸತದ.
ಮೂರನೇ ಗೇರು ಬೀಳೋಕಿಂತ ಮೊದಲ ಒಂದು ಖಟ್,
ಹಿರ್ಯಾರು ಕೆಮ್ಮಿ ಒಳಗ ಬಂದಂಗ.
ಬೊಲೆರೊ ಸ್ಟೇರಿಂಗು ಎರಡು ಬಟ್ಟಿಲೆ ತಿರಗತದ,
ಇದರದು ತಿರುವಬೇಕಂದ್ರ
ಬಾವಿಯಿಂದ ತುಂಬಿದ ಕೊಡಾ ಜಗ್ಗಿದಂಗ ಹೆಗಲು ಬೇಕು.
ಬಂದಗೀಸಾಬನ ಬಲಗಡಿ ರಟ್ಟಿ ಎಡಕ್ಕಿಂತ ಯಾಕ ದಪ್ಪ ಇತ್ತು
ಅಂಬೋದು ಈಗ ನನ್ನ ರಟ್ಟಿಗೆ ತಿಳೀಲಿಕ್ಕತ್ತದ.

ಸ್ಪೇರು? ನನ್ನ ಗಾಡಿ ನಟ್ಟು
ಅಥಣಿ ಹಾದ್ಯಾಗ ಪಾನಂಗಡ್ಯಾಗೂ ಸಿಗತದ.
ಬಂದಗೀಸಾಬ ಒಮ್ಮೆ ಒಂದು ಕ್ಲಚ್ ಪ್ಲೇಟಿನ ಸಲುವಾಗಿ
ಕವಠೇಮಹಾಂಕಾಳದಾಗ ಎರಡು ರಾತ್ರಿ ಮಲಗಿದ,
ಮಾಲಿನ ಮ್ಯಾಲ ತಾಡಪತ್ರಿ, ತಾಡಪತ್ರಿ ಮ್ಯಾಲ ಅಂವ.
ಬಂದ ಮ್ಯಾಲ 'ಬೀಗರ ಮನಿಯಾಗ ಇದ್ದೆ' ಅಂದ.
ನಾನು ನಂಬಿದವರಂಗ ಚಾ ಹೇಳಿದೆ.

ಮೈಲೇಜಿನ ಮಾತು ಮಾತ್ರ ಇಬ್ಬರೂ ಬಿಡಲಿಲ್ಲ.
ಅಂವ ಹದಿನಾಲ್ಕು ಅಂದ. ನಾನು ಹದಿನಾಲ್ಕೂವರಿ ಅಂದೆ.
ಅಂವ ದರ್ಗಾದ ಕಡೆ ಕೈ ಮಾಡಿದ.
ನಾನು ಕೊರಳಾಗಿನ ಲಿಂಗಾ ಹಿಡಕೊಂಡೆ.

ಅವಗ ಕಣ್ಣಾಗ ಪೊರಿ ಬಂತು. ಎದುರಿನ ಲೈಟು
ಒಂದಿದ್ದದ್ದು ನಾಲ್ಕಾತು. ಆಪರೇಶನ್ ಆದರೂ
ರಾತ್ರಿ ಗಾಡಿ ಬ್ಯಾಡ ಅಂದರು ಡಾಕ್ಟರು.
'ಬ್ಯಾರೇದವರಿಗೆ ಕೊಟ್ಟರ ಎಮ್ಮಿ ಅಂದಾರು.
ನೀ ಅಂತೂ ಮೊದಲ ಅಂದೀದಿ, ತೊಗೊ' ಅಂತ ಕೀಲಿ ಕೊಟ್ಟ.
ಮಾತಾಡಿದ್ದಕ್ಕಿಂತ ಐದು ಸಾವಿರ ಹೆಚ್ಚಿಗಿ ಇಸ್ಕೊಂಡ.

ಮೊನ್ನೆ ಡ್ಯಾಶ್‌ಬೋರ್ಡಿನ ಡಬ್ಬಿ ಝಾಡಿಸಿದೆ:
ಬೀಡಿ ಕಟ್ಟು, ಅತ್ತರಿನ ಖಾಲಿ ಶೀಸೆ,
ಕೋಲ್ಡ್ ಸ್ಟೋರೇಜಿನವರು ಕೊಟ್ಟ ಸಣ್ಣ ಡೈರಿ.
ಡೀಸೆಲ್ ಹಾಕಿಸಿದ ತಾರೀಖು, ಲೀಟರು, ಕಿಲೋಮೀಟರು,
ಪ್ರತಿ ಸಾಲಿನ ಕೊನಿಗೆ ಭಾಗಾಕಾರ ಮಾಡಿ ಬರದ ಅಂಕಿ.
ಹನ್ನೊಂದು. ಹತ್ತೂವರಿ. ಹನ್ನೊಂದು. ಹತ್ತು.
ಒಂದು ಪುಟದ ಮೂಲ್ಯಾಗ ನನ್ನ ಹೆಸರು:
'ಚನಮಲ್ಲಂದು ಹನ್ನೊಂದೂವರಿ.
ಪಂಪಿನ ಹುಡುಗನ್ನ ಕೇಳೀನಿ. ಅವಗ ಹೇಳಬಾರದು.'

ಹನ್ನೊಂದೂವರಿನ. ಲೆಕ್ಕ ತಪ್ಪಿಲ್ಲ.

ಇವತ್ತ ಕಾಶೀರಾಯನ ಬೆಂಚಿನ ಮ್ಯಾಲ
ಬಾಬಾನಗರದ ಹುಡುಗ ಒಬ್ಬ,
ಹೊಸಾ ಲೈಸನ್ಸು, ಗಾಡಿ ಕೊಳ್ಳೋ ವಿಚಾರ,
ಟಾಟಾದ ಬಾನೆಟ್ಟಿನ ಕಡೆ ಗದ್ದ ಎತ್ತಿ ಕೇಳಿದ:
'ಎಷ್ಟು ಕೊಡತದ ಕಾಕಾ?'
ಅತ್ತಾಗಿನ ಬೆಂಚಿನ್ಯಾಗ ಕರೀ ಚಸ್ಮಾ ಹಾಕ್ಕೊಂಡು ಬಂದಗೀಸಾಬ
ಚಾ ಬಸಿಗಿ ಸುರಿಯೋದು ನಿಲ್ಲಿಸಿದ.

'ಹದಿನಾಲ್ಕು' ಅಂದೆ.

ಅಂವ ಬಸಿ ಎತ್ತಿ ಸುರ್ ಅಂತ ಎಳದ.
'ನೀ ಹೊಡದರ ಹದಿಮೂರ' ಅಂದ,
'ನಾ ಹೊಡಿಯೋ ಮುಂದ ಹದಿನಾಲ್ಕು.'