ಹೂಳಿನ ಬಾಬ್ತು

ಬೇಯ್ರಾ ಬಂದರಿನ ಲೆಕ್ಕಪತ್ರ ವಿಭಾಗದಲ್ಲಿ
ವರ್ಷಕ್ಕೊಮ್ಮೆ ನನ್ನ ಮೇಜಿಗೆ ಬರುವ ಕಡತ:
ಹೂಳೆತ್ತುವ ಬಾಬ್ತು.
ತೆಗೆದದ್ದು ಇಷ್ಟು ಘನ ಮೀಟರು,
ತೆತ್ತದ್ದು ಇಷ್ಟು ಮೆಟಿಕಾಲ್,
ಷರಾ: ಮುಂದಿನ ಸಾಲಿಗೂ ಅವಶ್ಯ.

ಹದಿನೇಳು ಸಲ ಟೈಪು ಮಾಡಿದ್ದೇನೆ ಈ ಷರಾ.
ಪುಂಗ್ವೆ ನದಿ ಒಂದು ದಿನವೂ ರಜೆ ಹಾಕಿಲ್ಲ.

ಅಪ್ಪ ಝೆಫಾನಿಯಸ್ ಇದೇ ಬಂದರಿನಲ್ಲಿ ಆಳ ನೋಡುವವನಿದ್ದ.
ಹಗ್ಗದ ತುದಿಗೆ ಸೀಸದ ಗುಂಡು,
ಗುಂಡಿನ ತಳದ ಕುಳಿಗೆ ಮೆತ್ತಿದ ಆಡಿನ ಕೊಬ್ಬು.
ಇಳಿಬಿಟ್ಟು, ಗಂಟು ಎಣಿಸಿ, ಮೇಲೆಳೆದು,
ಕೊಬ್ಬಿಗಂಟಿದ ಕೆಸರನ್ನು ಬೆರಳಲ್ಲಿ ಉಜ್ಜಿ
"ಇದು ಈ ವಾರದ್ದು" ಅನ್ನುತ್ತಿದ್ದ,
ಸಂತೆಯಲ್ಲಿ ಬೆಂಡೆಯ ತುದಿ ಮುರಿದು ನೋಡುವವರ ಹಾಗೆ.
ಹಗ್ಗ ಹೋಗಿ ಪರದೆ ಬಂತು. ಪರದೆಯಲ್ಲಿ ಕಡಲ ತಳ
ನೀಲಿ, ಹಳದಿ, ಕೆಂಪು.
ಒಂದು ದಿನ ಹೋಗಿ ನೋಡಿದವನು ಕೇಳಿದ್ದು ಇಷ್ಟೇ:
"ವಾಸನೆ ಎಲ್ಲಿ?"

ಹೋದ ಜೂನಿನಲ್ಲಿ ಮಂತ್ರಿಗಳು ಬಂದರು.
ಹೊಸ ಡ್ರೆಜರು, ಕೈಗೆ ಇನ್ನೂ ಅಂಟುವ ಬಿಳಿ ಬಣ್ಣ.
ಭಾಷಣದಲ್ಲಿ 'ಸಾಮರ್ಥ್ಯ' ಇಪ್ಪತ್ತೊಂದು ಸಲ ಬಂತು
(ಎಣಿಸುವುದು ನನ್ನ ಕಸುಬು).
ಅತ್ತ ಹೆದ್ದಾರಿಯಲ್ಲಿ, ಮಲಾವಿಗೆ ಗೊಬ್ಬರ ಒಯ್ಯುವ
ಚಾಲಕರು ಆರು ದಿನದಿಂದ ಲಾರಿಯಡಿಯೇ ಮಲಗಿದ್ದರು.
ಆಚೆ ದೂರದಲ್ಲಿ ಹಡಗೊಂದು ಉಬ್ಬರಕ್ಕೆ ಕಾಯುತ್ತಿತ್ತು.
ಕಾಯುವುದಕ್ಕೂ ಬಾಡಿಗೆ, ದಿನಕ್ಕಿಷ್ಟು, ಡಾಲರಿನಲ್ಲಿ.
ಅದಕ್ಕೆ ಬೇರೆ ಕಡತ.

ಹೊಳೆಯಲ್ಲಿ ಹುಣಸೆ ತೊಳೆದಂತಲ್ಲ ಇದು.
ಹೊಳೆಯನ್ನೇ ತೊಳೆಯುವುದು,
ಟೆಂಡರು ಕರೆದು.

ಎತ್ತಿದ ಹೂಳು ಕಡಲಿಗೇ ಹೋಗಬೇಕು, ಕಾಗದದ ಪ್ರಕಾರ.
ಧಕ್ಕೆಯ ಹಿಂದಿನ ದಿಬ್ಬಕ್ಕೂ ಒಂದು ಪಾಲು ಬೀಳುತ್ತದೆ.
ಅಲ್ಲಿಂದ ರಾತ್ರಿ ಹೊತ್ತು ಕೈಗಾಡಿಗಳು
ನಮ್ಮ ಮುನ್ಯಾವಾ ಕೇರಿಗೆ ಬರುತ್ತವೆ.
ಆ ಚಂಡಮಾರುತದ ಮೇಲೆ ಎಲ್ಲರೂ
ಮನೆಯ ನೆಲ ಎತ್ತರಿಸುವವರೇ.
ಸೆಲೆಸ್ಟೀನಾ ಅತ್ತೆ ಲಾರಿಯವರಿಗೆ ಹುರಿದ ಮೀನು ಮಾರಿ
ವಾರಕ್ಕೆ ಎರಡು ಗಾಡಿ ಹಾಕಿಸುತ್ತಾಳೆ.
ಅವಳ ಅಡುಗೆಮನೆ ಈಗ ಒಂದು ಗೇಣು ಮೇಲೆ,
ಮಲಗುವ ಕೋಣೆ ಇನ್ನೂ ಹಳೆಯ ಮಟ್ಟದಲ್ಲೇ.
ನಾನೂ ಕೊಂಡೆ, ನಲವತ್ತು ಗಾಡಿ.
ರಸೀದಿ ಇಲ್ಲ.

ಉಪ್ಪಿನ ನೆಲ ಅದು. ಅಕ್ಟೋಬರಿನ ಸೆಕೆಗೆ
ಗೋಡೆಯ ಬುಡದಲ್ಲಿ ಬೆಳ್ಳಗೆ ಹೂ ಬಿಡುತ್ತದೆ,
ಒರೆಸಿದರೆ ನಾಳೆ ಮತ್ತೆ.
ಅಪ್ಪನಿಗೆ ಈಗ ಕಣ್ಣು ಕಾಣದು.
ಚಾಪೆಯಿಂದ ಕೈ ಚಾಚಿ, ನೆಲ ಕೆರೆದು, ಬೆರಳು ಮೂಸಿ
"ನಾಲ್ಕನೇ ಕೆಂಪು ಪೀಪಾಯಿಯ ಬಲಕ್ಕಿನದು" ಅಂದ.
"ಅಲ್ಲಿ ಹಡಗು ತಿರುಗಿಸುವಾಗ ಹುಷಾರು ಅನ್ನು."
ಯಾರಿಗೆ ಅನ್ನಲಿ?

ನಾಳೆ ಕಡತ ಮುಚ್ಚಬೇಕು.
ತೆಗೆದದ್ದಕ್ಕೂ ಸುರಿದದ್ದಕ್ಕೂ ತಾಳೆಯಾಗುತ್ತಿಲ್ಲ.
ನಲವತ್ತು ಗಾಡಿಯ ವ್ಯತ್ಯಾಸವಂತೂ ಗೊತ್ತು,
ಅದರ ಮೇಲೆ
ಚಾಪೆ ಹಾಸಿದ್ದೇನೆ.