ಹನ್ನೊಂದು ಸಲ ದುದ್ದ

ಡಿಸೆಂಬರ್ ಕೊನೆಗೆ ಫೋನಿಗೊಂದು ಚೀಟಿ ಬಂತು
ನೀಲಿ ಬಣ್ಣದ್ದು, ಮೂಲೆಯಲ್ಲಿ ಹಲ್ಲು ಬಿಟ್ಟ ಬಸ್ಸು.
‘ಪ್ರಿಯ ಸುಗುಣ,
ಈ ವರ್ಷ ನಮ್ಮ ಜೊತೆ ಇನ್ನೂರ ತೊಂಬತ್ತಾರು ದಿನ,
ಎಂಟು ಸಾವಿರದ ಮುನ್ನೂರ ತೊಂಬತ್ತೆಂಟು ಕಿಲೋಮೀಟರ್.
ಎರಡು ಸಲ ಕಾಶಿಗೆ ಹೋಗಿ ಬಂದಷ್ಟು!
ಅಭಿನಂದನೆ.’

ಕಾಶಿಯಂತೆ.
ಅರಸೀಕೆರೆ ಜಂಕ್ಷನ್ನಿನ ಮೇಲ್ಸೇತುವೆ ದಾಟಿದವಳಲ್ಲ ನಾನು.
ಎಣಿಸಿಕೊಂಡು ಅಭ್ಯಾಸವೇನೋ ಇದೆ:
ಗಾರ್ಮೆಂಟ್ಸಿನಲ್ಲಿ ಗಂಟೆಗೆ ಎಪ್ಪತ್ತು ಕಾಲರ್,
ಬೋರ್ಡಿನ ಮೇಲೆ ಸೀಮೆಸುಣ್ಣದ ಗೀಟು,
ಕಡಿಮೆ ಬಿದ್ದರೆ ಹೆಸರಿಗೆ ಕೆಂಪು ಸುತ್ತು.
ಎಣಿಸಿದ ಮೇಲೆ ಅಭಿನಂದನೆ ಅಂದವರು
ಇವರೇ ಮೊದಲು.
ಹಿಗ್ಗಿ ಸ್ಟೇಟಸ್ಸಿಗೆ ಹಾಕಿದೆ,
ಪೂರ್ತಿ ಓದದೆ.

ಬೆಳಿಗ್ಗೆ ಆರೂ ಹತ್ತರ ಬಸ್ಸಿನಲ್ಲಿ ಅದೇ ಮಾತು.
ಮುಬೀನಾಗೆ ‘ಮೊದಲ ಕೋಳಿ’ ಎಂಬ ಬಿರುದು,
ಹಿಂದಿನ ಸೀಟಿನ ಹುಡುಗರು ಹಾಸನ ಬರುವ ತನಕ ಕೂಗಿದರು.
ಹೂವಿನ ಗಂಗಮಾಳಮ್ಮನಿಗೆ ಏನೂ ಬರಲಿಲ್ಲ,
ಅವಳ ಕಾರ್ಡು ಇರುವುದು ಮಗಳ ಹೆಸರಲ್ಲಿ.
‘ನಡು ನೋವು ನಂದು, ಕಾಶಿ ಅವಳದಾ?’
ಬುಟ್ಟಿಯ ಸೇವಂತಿಗೆಗೆ ನೀರು ಚಿಮುಕಿಸುತ್ತಾ ಕೇಳಿದಳು.

ರಾತ್ರಿ ಊಟದ ಹೊತ್ತು.
ಮೈದುನನ ಮಗ ಅತ್ತೆಗೆ ಗಟ್ಟಿಯಾಗಿ ಓದಿದ,
ನಾನು ಓದದೆ ಬಿಟ್ಟ ಕೊನೆಯ ಸಾಲು:
‘ನಿಮ್ಮೊಳಗೊಬ್ಬ ಅಲೆಮಾರಿ ಇದ್ದಾಳೆ!
ಹನ್ನೊಂದು ಸಲ ದುದ್ದ, ಸಂಜೆ ಏಳೂ ಐವತ್ತು.’
‘ದುದ್ದದಲ್ಲಿ ಯಾರವ್ವ ಇರೋದು?’
ಅತ್ತೆ ಕೇಳಿದ್ದು ಅಷ್ಟೇ.
ಗಂಡ ಟೀವಿಯ ಸೌಂಡು ಕಡಿಮೆ ಮಾಡಿದ.

ಓಟಿ ಅಂದಿದ್ದೆ ಆ ದಿನಗಳಲ್ಲಿ.
ನಿದ್ದೆ ಬಂದು ಗೇಟು ತಪ್ಪಿತು ಅಂತ
ಒಂದು ಸಲ ಹೇಳಬಹುದು, ಎರಡು ಸಲ ಹೇಳಬಹುದು.

ಕಂಡಕ್ಟರ್ ಚೌಡಪ್ಪನ ಮೇಲೆ ರೇಗಿದೆ ಮಾರನೇ ದಿನ:
‘ಎಬ್ಬಿಸೋಕೆ ಏನಾಗಿತ್ತು ನಿಮಗೆ?’
ಅವರು ಬೆರಳು ಒದ್ದೆ ಮಾಡಿ ಚಿಲ್ಲರೆ ನೋಟು ಎಣಿಸುತ್ತಲೇ ಇದ್ದರು.
‘ಏಳು ಸಲ ಎಬ್ಬಿಸಿದ್ದೀನಮ್ಮ, ನೀನು ಏಳಲಿಲ್ಲ.
ಮಿಕ್ಕ ನಾಕು ಸಲ
ಎಬ್ಬಿಸೋಕೆ ನನಗೇ ಮನಸ್ಸು ಬರಲಿಲ್ಲ.’
ಆಮೇಲೆ ‘ಯಾರ್ರೀ ಟಿಕೆಟ್’ ಅಂತ ಮುಂದೆ ಹೋದರು.

ಅಲ್ಲಿ ಬಸ್ಸು ಹದಿನೈದು ನಿಮಿಷ ನಿಲ್ಲುತ್ತೆ.
ಡ್ರೈವರು ಟೀ ಕುಡಿಯೋಕೆ ಇಳಿದಿರುತ್ತಾನೆ,
ದೀಪ ಆರಿಸಿರುತ್ತಾರೆ.
ಬಿಸಿ ಇಂಜಿನ್ನು ಟಿಕ್ ಟಿಕ್ ಅನ್ನುತ್ತಾ ಆರುತ್ತಿರುತ್ತೆ.
ಕಣ್ಣು ಬಿಟ್ಟರೆ ಐವತ್ತು ಸೀಟು, ನಾನೊಬ್ಬಳೇ.
ಕಿಟಕಿಯಾಚೆ ಅಂಗಡಿಯವನು ಈರುಳ್ಳಿ ಬೋಂಡ ಎತ್ತುತ್ತಿರುತ್ತಾನೆ.
ಅನ್ನಕ್ಕಿಡು ಅನ್ನುವವರಿಲ್ಲ,
ಇನ್ನೆಷ್ಟಾಯ್ತು ಅನ್ನುವವರಿಲ್ಲ.
ಇದನ್ನು ಅತ್ತೆಗೆ ಯಾವ ಬಾಯಲ್ಲಿ ಹೇಳಲಿ?
ಸ್ಟೇಟಸ್ ಅಳಿಸಿದೆ. ಅರವತ್ಮೂರು ಜನ ಆಗಲೇ ನೋಡಿಯಾಗಿತ್ತು.

ಜನವರಿ. ಲೆಕ್ಕ ಮತ್ತೆ ಸೊನ್ನೆಯಿಂದ.
ಈ ಸಂಜೆ ನಮ್ಮ ಗೇಟು ಬಂದಾಗ ಎಚ್ಚರವಿತ್ತು, ಚೆನ್ನಾಗಿಯೇ ಇತ್ತು.
ಕಾರ್ಡು ಮುಬೀನಾಳ ಕೈಗಿಟ್ಟೆ.
ಅವಳು ತನ್ನದು ಉಜ್ಜಿದಳು, ನನ್ನದೂ ಉಜ್ಜಿದಳು,
ಮೆಷಿನ್ನು ಎರಡು ಸಲ ಕೀಂ ಅಂದಿತು.
ಸುಗುಣ ಇಳಿದಳು.

ಚೌಡಪ್ಪ ನನ್ನ ಕಡೆ ನೋಡಿದರು, ಸೀಟಿ ಊದಿದರು.
ನಾನು ತಲೆಯನ್ನು ಕಂಬಿಗೆ ಆನಿಸಿ
ಕಣ್ಣು ಮುಚ್ಚಿಕೊಂಡೆ.